ನಿಶ್ಚಿತಾರ್ಥಕ್ಕೆ ಮುನ್ನ ಮನೆಮಂದಿಯ ಭಾವಚಿತ್ರ

ಗುಬ್ಬಿ ತಾಲ್ಲೂಕಿನ ನಮ್ಮ ಹಿರಿಯರ ಮನೆಯಲ್ಲಿ ದೊಡ್ಡಮ್ಮನವರು ಲಿಂಗೈಕ್ಯರಾದಾಗ ಮನೆಯವರಿಗೆಲ್ಲ ಒಂದು ವಿಚಿತ್ರವಾದ ಸಂಕಟ ಎದುರಾಯಿತು. ಶಿವಗಣಾರಾಧನೆಯ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು, ಹಾರ ಹಾಕಿ ದೀಪದ ಮುಂದೆ ಇರಿಸಲು ಅವರದೊಂದು ಭಾವಚಿತ್ರ ಬೇಕಾಗಿತ್ತು. ಆ ಮನೆಯಲ್ಲಿ ಅದಕ್ಕೆ ಮುಂಚೆ ನಾಲ್ಕು ಮದುವೆಗಳು ನಡೆದಿದ್ದವು. ನಾಲ್ಕಕ್ಕೂ ದಪ್ಪನೆಯ ಆಲ್ಬಮ್ಮುಗಳಿದ್ದವು. ಟ್ರಂಕಿನಿಂದ ಅವೆಲ್ಲವನ್ನೂ ತೆಗೆದು ನಡುಮನೆಯಲ್ಲಿ ಹರಡಿಕೊಂಡು ಪುಟ ಪುಟವನ್ನೂ ನೋಡಿದೆವು. ಆ ನಾಲ್ಕೂ ಮದುವೆಗಳಲ್ಲಿ ಹೋಳಿಗೆಯ ಹೂರಣದ ಹದ ನೋಡಿದವರು ಅವರು. ಬೀಗರಿಗೆ ಯಾವ ಕೋಣೆ, ಜಂಗಮಮೂರ್ತಿಗಳಿಗೆ ಪೂಜೆಯ ಏರ್ಪಾಡು ಎಲ್ಲಿ ಎಂಬುದನ್ನೆಲ್ಲ ನೆನಪಿಟ್ಟು ನಡೆಸಿದವರು ಅವರು. ಆಲ್ಬಮ್ಮಿನಲ್ಲಿ ಅವರಿದ್ದುದು ಒಂದೇ ಒಂದು ಕಡೆ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅರ್ಧ ಸೆರಗು, ಪಾತ್ರೆಯೊಂದನ್ನು ಹಿಡಿದ ಕೈ. ಮುಖವಿರಲಿಲ್ಲ.

ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡಿದ್ದ ಅವರು ಶುಭಕಾರ್ಯಗಳಲ್ಲಿ ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಬನ್ನಿ ಎಂದು ಕರೆದವರೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮತದಾರರ ಗುರುತಿನ ಚೀಟಿ. ೧೯೯೩ರಲ್ಲಿ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವುಳ್ಳ ಚೀಟಿ ಕೊಡಬೇಕೆಂದು ಆಜ್ಞೆ ಮಾಡದೇ ಹೋಗಿದ್ದರೆ ಆ ತಾಯಿಯ ಮುಖವೇ ನಮ್ಮ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಅಂಚೆಚೀಟಿಯಷ್ಟಿದ್ದ ಆ ಚಿತ್ರವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಮಸುಕು ಮುಖ, ಗಾಬರಿಗೊಂಡ ಕಣ್ಣು. ನಗುಮುಖದ ದೊಡ್ಡಮ್ಮನವರನ್ನು ಕಂಡಿದ್ದ ನಮಗೆ ಅದು ಬೇರೆ ಯಾರದೋ ಚಿತ್ರವೆಂಬಂತೆ ತೋರುತ್ತಿತ್ತು.

ನಮ್ಮ ಅಣ್ಣನ ಮಗಳಿಗೆ ಕುಣಿಗಲ್ಲಿನ ಕಡೆಯ ಸಂಬಂಧ ಒದಗಿ, ತುಮಕೂರಿನಲ್ಲಿ ನಿಶ್ಚಿತಾರ್ಥವೆಂದು ಗೊತ್ತಾದಾಗ ಈ ಸಂಗತಿ ನೆನಪಿಗೆ ಬಂದಿತು. ನಿಶ್ಚಿತಾರ್ಥಕ್ಕೆ ಮೊದಲು ಛಾಯಾಗ್ರಾಹಕರನ್ನು ಕರೆಸಿ ಚಿತ್ರ ತೆಗೆಸುವ ರೂಢಿ ಈಗ ನಮ್ಮ ಮನೆಗಳಿಗೂ ಬಂದಿದೆ. ಯಾವ ಸೀರೆ, ಯಾವ ಒಡವೆ, ಯಾವ ಬೆಟ್ಟದ ಮೇಲೆ, ಯಾವ ಕೆರೆಯ ದಡದಲ್ಲಿ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಚಿತ್ರದಲ್ಲಿ ಯಾರು ಯಾರು ಇರಬೇಕೆಂಬ ಪಟ್ಟಿಯನ್ನು ಮಾತ್ರ ಯಾರೂ ಬರೆಯುವುದಿಲ್ಲ. ಆದುದರಿಂದ ಈ ಸಲ ನಾವು ಮೊದಲು ಬರೆದದ್ದು ಆ ಪಟ್ಟಿಯನ್ನೇ. ಹಾಗೆ ಬರೆಯಲು ಕುಳಿತಾಗ ಎಷ್ಟು ಹೆಸರುಗಳು ತಡವಾಗಿ ನೆನಪಾದವೆಂದರೆ ನಮಗೇ ನಾಚಿಕೆಯಾಯಿತು. ನಡೆಯಲಾರದ ಸೋದರಮಾವ, ತವರಿಗೆ ಬಂದು ನೆಲೆಸಿದ ಸೋದರತ್ತೆ, ಎಂಬತ್ತು ದಾಟಿದ ನಮ್ಮ ತಾಯಿಯವರು.

ಹಿಂದೆ ಇದಕ್ಕೊಂದು ನೆಪವಾದರೂ ಇತ್ತು. ದೊಡ್ಡ ಸುರುಳಿಯ ಹಳೆಯ ಕ್ಯಾಮೆರಾದಲ್ಲಿ ಹನ್ನೆರಡು ಚಿತ್ರ, ಆಮೇಲೆ ಬಂದ ಸಣ್ಣ ಸುರುಳಿಯಲ್ಲಿ ಮೂವತ್ತಾರು. ಅಷ್ಟರಲ್ಲಿ ಯಾರಿಗೆ ಎಡೆ ಕೊಡುವುದು, ಯಾರನ್ನು ಬಿಡುವುದು ಎಂಬ ಲೆಕ್ಕಾಚಾರ ನಡೆಯುತ್ತಿತ್ತು. ಭಾವಚಿತ್ರ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದೂ, ಮೂವರು ಒಟ್ಟಿಗೆ ನಿಂತು ತೆಗೆಸಬಾರದೆಂದೂ ಹೇಳುತ್ತಿದ್ದವರು ಬೇರೆ. ಪಟ್ಟಣದ ಸ್ಟುಡಿಯೋಗೆ ಹೋಗಿ, ಅರಮನೆಯ ಮೆಟ್ಟಿಲನ್ನೋ ಉದ್ಯಾನವನ್ನೋ ಬರೆದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದು ಒಂದು ಯಾತ್ರೆಯೇ ಆಗಿತ್ತು. ಗುಬ್ಬಿಯ ಕಡೆಯವರಾದ ನಮಗೆ ಬಣ್ಣದ ಪರದೆ ಹೊಸದೇನಲ್ಲ. ೧೮೮೪ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿನಲ್ಲೆಲ್ಲ ಮೆರೆಸಿದ್ದರು. ಅವರ ಪರದೆಗಳನ್ನು ಕಂಡಿದ್ದ ನಮ್ಮ ಅಜ್ಜನವರು ಸ್ಟುಡಿಯೋದ ಪರದೆಯನ್ನು ನೋಡಿ ಮೂಗು ಮುರಿದರಂತೆ. ಇರಲಿ. ಇಂದು ಸುರುಳಿಯ ಮಿತಿಯೂ ಇಲ್ಲ, ಪಟ್ಟಣದ ಪ್ರಯಾಣವೂ ಇಲ್ಲ. ಹೀಗಿದ್ದೂ ಯಾರಾದರೂ ಚಿತ್ರದಿಂದ ಹೊರಗುಳಿದರೆ ಅದು ನಮ್ಮ ಮನಸ್ಸಿನ ಮಿತಿಯೇ ಸರಿ.

ಸ್ಥಳದ ಮಾತಿಗೆ ಬರೋಣ. ಮಕ್ಕಳು ದೇವರಾಯನದುರ್ಗ ಎಂದರು, ಮಂದರಗಿರಿ ಎಂದರು. ಹುಡುಗನ ಕಡೆಯವರು ಕುಣಿಗಲ್ ದೊಡ್ಡಕೆರೆಯ ಏರಿ ಚೆನ್ನಾಗಿರುತ್ತದೆಂದು ಹೇಳಿ ಕಳುಹಿಸಿದರು. ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆ ಅದು. ತುಂಬಿದಾಗ ನೋಡಲು ಎರಡು ಕಣ್ಣು ಸಾಲದು. ಆದರೆ ಎಂಬತ್ತು ವರ್ಷದವರು ಬೆಟ್ಟದ ಮೆಟ್ಟಿಲನ್ನು ಹತ್ತುವುದೆಂತು? ಏರಿಯ ಮೇಲಿನ ಗಾಳಿಗೆ ಸೆರಗು ಹಿಡಿದುಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ವಧೂವರರು ಇಬ್ಬರೇ ಹೋಗಿ ಒಂದೆರಡು ಚಿತ್ರ ತೆಗೆಸಿಕೊಂಡು ಬರಲಿ, ಬೇಡವೆನ್ನುವುದಿಲ್ಲ. ಮನೆಮಂದಿಯ ಚಿತ್ರ ಮಾತ್ರ ಮನೆಯಲ್ಲಿಯೇ ಆಗಲಿ ಎಂದು ತೀರ್ಮಾನಿಸಿದೆವು. ಸಿದ್ಧಗಂಗೆಗೆ, ಎಡೆಯೂರಿಗೆ ಹೋಗುವವರಿಗೂ ಒಂದು ಮಾತು. ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಗದ್ದುಗೆಯಾಗಲಿ, ತೋಂಟದ ಸಿದ್ಧಲಿಂಗ ಯತಿಗಳ ಸಮಾಧಿ ಸ್ಥಾನವಾಗಲಿ ದರ್ಶನದ ಎಡೆಗಳು. ಅಲ್ಲಿ ನಿಂತು ಭಂಗಿಗಳನ್ನು ಬದಲಾಯಿಸುತ್ತಾ ಹಿಂದಿನ ಭಕ್ತರನ್ನು ಕಾಯಿಸುವುದು ಶೋಭೆಯಲ್ಲ. ದರ್ಶನ ಮುಗಿಸಿಕೊಂಡು, ಹೊರಾವರಣದಲ್ಲಿ, ಅಲ್ಲಿನವರನ್ನು ಕೇಳಿಕೊಂಡು ತೆಗೆಸುವುದು ಉಚಿತ.

ನಿಶ್ಚಿತಾರ್ಥದ ದಿನವೇ ಏಕಾಗಬಾರದು ಎಂದು ಕೆಲವರು ಕೇಳಿದರು. ಆ ದಿನ ತಾಂಬೂಲ ಬದಲಾಯಿಸುವ ಹೊತ್ತಿಗೆ ಅರ್ಧ ಜನ ಅಡುಗೆಯ ಕಡೆ, ಕಾಲು ಭಾಗ ಬೀಗರ ಉಪಚಾರದಲ್ಲಿ ಇರುತ್ತಾರೆ. ಎಲ್ಲರನ್ನೂ ಕೂಗಿ ಕರೆಯುವಷ್ಟರಲ್ಲಿ ವಯಸ್ಸಾದವರು ದಣಿದು ಮಲಗಿರುತ್ತಾರೆ. ಒಂದು ವಾರ ಮುಂಚಿನ ಭಾನುವಾರ ಬೆಳಿಗ್ಗೆ ಗುಬ್ಬಿ ಸೀಮೆಯ ಹಳೆಯ ಮನೆಯಲ್ಲಿ ಸೇರುವುದೆಂದು ಗೊತ್ತುಮಾಡಿದೆವು. ತುಮಕೂರಿನಿಂದ ಗುಬ್ಬಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಕುಣಿಗಲ್ಲಿನವರಿಗೆ ಸ್ವಲ್ಪ ದೂರವಾದರೂ ಅವರೂ ಸಂತೋಷದಿಂದ ಒಪ್ಪಿದರು.

ಛಾಯಾಗ್ರಾಹಕರು ಎರಡು ದಿನ ಮೊದಲೇ ಬಂದು ಮನೆಯನ್ನು ನೋಡಿಕೊಂಡು ಹೋದರು. ಇದೊಂದು ಒಳ್ಳೆಯ ಅಭ್ಯಾಸ. ನಾವು ಅಡಕೆ ತೋಟದಲ್ಲಿ ತೆಗೆಯೋಣವೆಂದುಕೊಂಡಿದ್ದೆವು. ತೋಟದಲ್ಲಿ ಸೋಗೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಒಬ್ಬರ ಮೂಗು ಬೆಳ್ಳಗೆ ಇನ್ನೊಬ್ಬರ ಕೆನ್ನೆ ಕಪ್ಪಗೆ ಕಾಣುತ್ತದೆ, ಬೇಡ ಎಂದು ಅವರು ವಿವರಿಸಿದರು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಗಳನ್ನು ಕಪ್ಪಾಗಿಸುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯ ಬೆಳಕು ನಮ್ಮ ಹಿರಿಯರು ಕಟ್ಟಿದ ತೊಟ್ಟಿ ಮನೆಯಲ್ಲಿಯೇ ಇದೆಯೆಂದು ಅವರು ಹೇಳಿದಾಗ ನಮಗೆ ಆಶ್ಚರ್ಯವಾಯಿತು. ತೊಟ್ಟಿಯ ಮೇಲಿನ ತೆರೆದ ಆಕಾಶದಿಂದ ಇಳಿಯುವ ಬೆಳಕು ಸುತ್ತಣ ಪಡಸಾಲೆಯಲ್ಲಿ ಕುಳಿತವರ ಮುಖದ ಮೇಲೆ ಮೃದುವಾಗಿ ಹರಡುತ್ತದೆ. ತೊಟ್ಟಿ ಇಲ್ಲದ ಮನೆಯವರು ಜಗುಲಿಯ ನೆರಳಿನಲ್ಲಿ ಹೊರಗಿನ ಬೆಳಕಿಗೆ ಮುಖ ಮಾಡಿ ಕುಳಿತರೂ ಸಾಕು. ಗುಂಪು ದೊಡ್ಡದಾದರೆ ಹತ್ತಿರದಿಂದ ಮೊಬೈಲಿನಲ್ಲಿ ತೆಗೆಯಬಾರದು; ಅಂಚಿನಲ್ಲಿ ನಿಂತವರ ಮುಖ ಹಿಗ್ಗಿ ಕಾಣುತ್ತದೆ. ದೂರ ಸರಿದು, ಕುಳಿತವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ತೆಗೆಯಬೇಕು.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಎಲ್ಲರೂ ಒಂದೇ ಬಣ್ಣದ ಬಟ್ಟೆ ಹೊಲಿಸಿಕೊಳ್ಳುವ ಪದ್ಧತಿ ಹೊಸದಾಗಿ ಬಂದಿದೆ. ಬ್ಯಾಂಡಿನವರಂತೆ ಕಾಣುವುದನ್ನು ಬಿಟ್ಟರೆ ಅದರಿಂದ ಬೇರೆ ಪ್ರಯೋಜನವೇನೂ ನನಗೆ ತೋರಲಿಲ್ಲ. ಅವರವರ ಬಳಿ ಇರುವ ರೇಷ್ಮೆ, ಅವರವರ ಪಂಚೆ ಶಲ್ಯ ಸಾಕು. ತೀರ ಸಣ್ಣ ಗೆರೆಗಳ ಅಂಗಿ ಚಿತ್ರದಲ್ಲಿ ಅಲುಗಾಡಿದಂತೆ ಕಾಣುವುದುಂಟು, ಅದನ್ನು ಬಿಡಬಹುದು. ಹೊಸ ಸೀರೆಯನ್ನು ಒಮ್ಮೆ ಉಟ್ಟು ಮಡಿಕೆ ಬಿಡಿಸಿಟ್ಟರೆ ಒಳ್ಳೆಯದು. ತೀರ ಚಿಕ್ಕ ಮಕ್ಕಳಿಗೆ ಹಾಲು ಕುಡಿಸಿ ನಿದ್ದೆ ಮಾಡಿಸಿ ಕರೆತರಬೇಕೆಂಬುದನ್ನು ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

ವಿಭೂತಿಯ ಬಗ್ಗೆ ಮಾತ್ರ ಒಂದು ಮುಖ್ಯವಾದ ಸೂಚನೆಯುಂಟು. ಚಿತ್ರ ತೆಗೆಸುವ ಗಡಿಬಿಡಿಯಲ್ಲಿ ಕೊನೆಯ ಗಳಿಗೆಗೆ ನೀರಿನಲ್ಲಿ ಕಲಸಿ ಹಚ್ಚಿಕೊಂಡರೆ ಅದು ಕಾಣುವುದೇ ಇಲ್ಲ. ಒದ್ದೆಯಾಗಿರುವಾಗ ವಿಭೂತಿ ಮಂಕಾಗಿದ್ದು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಆದ್ದರಿಂದ ಕಾಲು ಗಂಟೆ ಮೊದಲೇ ಧರಿಸತಕ್ಕದ್ದು. ಮುಖಕ್ಕೆ ಬಣ್ಣ ಹಚ್ಚುವವರನ್ನು ಕರೆಸಿದರೆ ವಿಭೂತಿ ಎದ್ದು ಕಾಣುತ್ತದೆ, ಒರೆಸಿಬಿಡಿ ಎಂದು ಅವರು ಹೇಳುವುದುಂಟು. ಬೆಳಗಿನ ಪೂಜೆಯಲ್ಲಿ ಧರಿಸಿದುದನ್ನು ಒಂದು ಚಿತ್ರಕ್ಕಾಗಿ ಒರೆಸಿಕೊಳ್ಳುವುದು ಬೇಡವೆಂದು ಅವರಿಗೆ ವಿನಯದಿಂದಲೇ ತಿಳಿಸಬೇಕು. ಹಾಗೆಯೇ ಶಿವದಾರ ಕರಡಿಗೆಗಳನ್ನು ಅಂಗಿಯೊಳಗೆ ಸಾಮಾನ್ಯವಾಗಿ ಹೇಗೆ ಧರಿಸುತ್ತೀರೋ ಹಾಗೆಯೇ ಇರಲಿ. ಪ್ರದರ್ಶನಕ್ಕೆಂದು ಹೊರಗೆ ಎಳೆಯುವುದೂ ಬೇಡ, ಮರೆಮಾಡುವುದೂ ಬೇಡ. ಕನ್ನಡಕದವರಿಗೆ ಇನ್ನೊಂದು ಮಾತು: ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜಿನ ಕನ್ನಡಕವಿದ್ದರೆ ಹೊರಗೆ ನಿಂತು ತೆಗೆಸಿದ ಚಿತ್ರದಲ್ಲಿ ಕಣ್ಣೇ ಕಾಣುವುದಿಲ್ಲ. ಹಳೆಯ ಕನ್ನಡಕವೊಂದನ್ನು ಜೊತೆಯಲ್ಲಿ ತಂದಿರಬೇಕು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಆ ಭಾನುವಾರ ಎಂಟು ಗಂಟೆಗೆ ಎಲ್ಲರೂ ಪಡಸಾಲೆಯಲ್ಲಿ ಸೇರಿದೆವು. ಬೀಗರೂ ಬಂದರು. ಕುರ್ಚಿಗಳನ್ನು ಹಾಕಿದ್ದಾಯಿತು. ನಡುವಿನ ಕುರ್ಚಿ ಖಾಲಿ ಉಳಿಯಿತು. ನಮ್ಮ ತಾಯಿಯವರು ಅಡುಗೆಮನೆಯಿಂದ ಹೊರಗೆ ಬರಲೊಲ್ಲರು. ತಂದೆಯವರು ತೀರಿಕೊಂಡು ಆಗ ಆರು ವರ್ಷವಾಗಿತ್ತು.

ನಾನು ಒಳಗೆ ಹೋಗಿ ಕರೆದೆ. "ಬ್ಯಾಡ ಕಣಪ್ಪ, ಮಗೀನ ಶುಭಕಾರ್ಯ. ಬೀಗರು ಏನಂದ್ಕೊಂಡಾರು? ನೀವು ನಿಂತ್ಕೊಳ್ಳಿ, ನಾನು ಕಾಫಿಗೆ ಇಡ್ತೀನಿ" ಎಂದರು. ಬೀಗಿತ್ತಿಯವರೇ ಕರೆಯುತ್ತಿದ್ದಾರೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲೆಯ ಕಡೆ ನೋಡುತ್ತಲೇ ಅವರು ಹೇಳಿದ ಮಾತು ನನಗೆ ಈಗಲೂ ಮರೆತಿಲ್ಲ. "ನಿಮ್ಮಕ್ಕನ ಮದುವೇಲಿ ಫೋಟೋದವರು ಕರೆದಾಗ ಅಕ್ಕಯ್ಯ ಬಾಗಿಲವರೆಗೂ ಬಂದಿದ್ರು. ನೀವು ಒಳಗೇ ಇರಿ ಅಕ್ಕಯ್ಯ ಅಂತ ಹೇಳಿದ್ದು ನಾನೇ. ಅವರು ಒಂದು ಮಾತೂ ಆಡಲಿಲ್ಲ. ಇವತ್ತು ನಾನು ಯಾವ ಮುಖ ಇಟ್ಕೊಂಡು ಹೋಗಿ ನಡುವೆ ಕೂತ್ಕೊಳ್ಳಲಿ?"

ಅಕ್ಕಯ್ಯನೆಂದರೆ ದೊಡ್ಡಮ್ಮನವರು, ತಾಯಿಯವರ ಹಿರಿಯ ವಾರಗಿತ್ತಿ. ಆಲ್ಬಮ್ಮಿನ ಆ ಅರ್ಧ ಸೆರಗಿನ ಹಿಂದೆ ಇಂಥದೊಂದು ಮಾತಿದ್ದುದು ನಮಗಾರಿಗೂ ತಿಳಿದಿರಲಿಲ್ಲ. ತಾಯಿಯವರನ್ನು ಮಾತ್ರ ದೂರುವಂತೆಯೂ ಇಲ್ಲ. ಊರಿನಲ್ಲಿ ಎಲ್ಲರೂ ಹಾಗೆಯೇ ನಡೆಯುತ್ತಿದ್ದರು, ಅವರೂ ನಡೆದರು.

ಆದರೆ ಈ ನಡವಳಿಕೆ ನಮ್ಮದು ಹೇಗಾಯಿತೆಂಬುದನ್ನು ಒಂದಿಷ್ಟು ಆಲೋಚಿಸಬೇಕು. ಹನ್ನೆರಡನೆಯ ಶತಮಾನದ ಶರಣರು ಗಂಡಸರಿಗೆ ಕೊಟ್ಟಂತೆಯೇ ಹೆಂಗಸರಿಗೂ ಇಷ್ಟಲಿಂಗವನ್ನು ಕೊಟ್ಟರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ತಟ್ಟುವುದಿಲ್ಲವೆಂದು ಸಾರಿದರು. ಪತಿ ತೀರಿಕೊಂಡನೆಂದು ಯಾವ ಗುರುವೂ ಹೆಣ್ಣಿನ ಕೊರಳಿನ ಲಿಂಗವನ್ನು ತೆಗೆಸುವುದಿಲ್ಲ. ಹಣೆಯ ವಿಭೂತಿಯನ್ನು ಅಳಿಸುವುದಿಲ್ಲ. ವಿಧವೆಯರಿಗೆ ಮರುವಿವಾಹದ ಉಡಿಕೆಯ ಪದ್ಧತಿಯೂ ನಮ್ಮ ಸಮಾಜದಲ್ಲಿ ಅನೇಕ ಕಡೆ ಇತ್ತು. ಇಷ್ಟಿದ್ದೂ ಹಸೆಯ ಬಳಿ, ಆರತಿಯ ಬಳಿ, ಈಗ ಕ್ಯಾಮೆರಾದ ಮುಂದೆ ಅವರನ್ನು ಹಿಂದೆ ಸರಿಸುವ ಪದ್ಧತಿಯನ್ನು ನೆರೆಹೊರೆಯಿಂದ ಎರವಲು ತಂದುಕೊಂಡು ನಮ್ಮ ಸಂಪ್ರದಾಯವೆಂದು ಹೇಳಿಕೊಳ್ಳುತ್ತಿದ್ದೇವೆ. ಇದನ್ನು ಬರೆಯುತ್ತಿರುವ ನಾನೂ ಆ ನಾಲ್ಕು ಮದುವೆಗಳಲ್ಲಿ ಓಡಾಡಿದವನೇ. ದೊಡ್ಡಮ್ಮನವರು ಎಲ್ಲಿದ್ದಾರೆಂದು ಒಮ್ಮೆಯೂ ಕೇಳಿದವನಲ್ಲ.

ಅಷ್ಟರಲ್ಲಿ ಮದುಮಗಳು ಒಳಗೆ ಬಂದಳು. ಅಜ್ಜಿಯ ಮಾತು ಅವಳ ಕಿವಿಗೂ ಬಿದ್ದಿತ್ತೋ ಏನೋ. ರೇಷ್ಮೆ ಸೀರೆಯಲ್ಲಿಯೇ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. "ಅಜ್ಜಿ, ನೀವು ಬರೋವರೆಗೂ ನಾನೂ ಇಲ್ಲೇ. ಅವರೆಲ್ಲ ಕಾಯಲಿ" ಎಂದಳು. ಅವಳ ಹಿಂದೆಯೇ ಕುಣಿಗಲ್ಲಿನ ಬೀಗಿತ್ತಿಯವರು ಬಂದು ಬಾಗಿಲಲ್ಲಿ ನಿಂತರು. ಅವರು ಹೆಚ್ಚು ಮಾತಿನವರಲ್ಲ. "ಬನ್ನಿ ಅಕ್ಕಾರೆ, ನಮ್ಮ ಅತ್ತೆಯೋರೂ ನಿಮ್ಮಂಗೇ ಹೊರಗೆ ಬರ್ತಿರಲಿಲ್ಲ. ಈಗ ತೋರಿಸೋಕೆ ಅವರದೊಂದು ಫೋಟೋ ಇಲ್ಲ ನಮ್ಮನೇಲಿ" ಎಂದಷ್ಟೇ ಹೇಳಿ ತಾಯಿಯವರ ಕೈ ಹಿಡಿದುಕೊಂಡರು.

ಇದೆಲ್ಲ ಮುಗಿಯುವಷ್ಟರಲ್ಲಿ ಹತ್ತು ಗಂಟೆ ದಾಟಿ, ಬಿಸಿಲು ತೊಟ್ಟಿಯೊಳಗೆ ಇಳಿದು, ಛಾಯಾಗ್ರಾಹಕರು ಎರಡು ದಿನ ಮೊದಲು ಹಾಕಿದ್ದ ಲೆಕ್ಕವೆಲ್ಲ ತಲೆಕೆಳಗಾಯಿತು. ಅವರು ಬೇಸರಿಸಲಿಲ್ಲ. ಎರಡು ಬಿಳಿಯ ಪಂಚೆಗಳನ್ನು ಕೇಳಿ ತೆಗೆದುಕೊಂಡು, ತೊಟ್ಟಿಯ ಮೇಲೆ ಗಳುವಿಗೆ ಅಡ್ಡಲಾಗಿ ಕಟ್ಟಿಸಿ, ಬಿಸಿಲನ್ನು ಸೋಸಿಕೊಂಡರು. ತಾಯಿಯವರು ಕುರ್ಚಿಯಲ್ಲಿ ಕೂರುವ ಮೊದಲು ಒಂದು ಮಾತು ಕೇಳಿದರು: ಕುರ್ಚಿಯನ್ನು ಆ ಗೋಡೆಯ ಕಡೆಗೆ ಸರಿಸಬಹುದೇ ಎಂದು. ಆ ಗೋಡೆಯ ಮೇಲೆ ದೊಡ್ಡಮ್ಮನವರ ಚಿತ್ರವಿತ್ತು, ಮತದಾರರ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಗಾಜಿನ ಮೇಲೆ ತೊಟ್ಟಿಯ ಬೆಳಕು ಹೊಳೆದು ಮುಖ ಮುಚ್ಚಿಹೋಗುತ್ತಿತ್ತು. ಛಾಯಾಗ್ರಾಹಕರು ಕಟ್ಟಿನ ಮೇಲಂಚಿನ ಹಿಂದೆ ವೃತ್ತಪತ್ರಿಕೆಯನ್ನು ಮಡಿಸಿ ಸಿಕ್ಕಿಸಿ, ಚಿತ್ರ ಸ್ವಲ್ಪ ಮುಂದಕ್ಕೆ ಬಾಗುವಂತೆ ಮಾಡಿದರು, ಹೊಳಪು ಹೋಯಿತು. ಗೋಡೆಯಲ್ಲಿ ಹಿರಿಯರ ಕಟ್ಟುಗಳಿರುವ ಮನೆಯವರೆಲ್ಲರಿಗೂ ಈ ಉಪಾಯ ಉಪಯೋಗಕ್ಕೆ ಬಂದೀತು. ಗುಂಪಿನಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರಾದ್ದರಿಂದ ಒಂದೇ ಭಂಗಿಯಲ್ಲಿ ಇಪ್ಪತ್ತು ಮೂವತ್ತು ಸಲ ತೆಗೆದರು. ಸೋದರಮಾವನವರಿಗೆ ಕಾಲು ನೋವು ಬರುವ ಮೊದಲೇ ಮುಗಿಯಿತು.

ಚಿತ್ರ ತೆಗೆಸಿದ ಮೇಲಿನ ಕೆಲಸವನ್ನು ನಮ್ಮ ಮನೆಗಳಲ್ಲಿ ಬಹಳ ಅಲಕ್ಷ್ಯ ಮಾಡುತ್ತಾರೆ. ನಮ್ಮ ಬಂಧುಗಳೊಬ್ಬರು ಮಗನ ಮದುವೆಯ ಚಿತ್ರಗಳೆಲ್ಲವನ್ನೂ ಮೊಬೈಲಿನಲ್ಲಿಯೇ ಇಟ್ಟುಕೊಂಡಿದ್ದು, ಅದು ಬಾವಿಗೆ ಬಿದ್ದ ದಿನ ಮದುವೆಯೇ ಬಾವಿಗೆ ಬಿದ್ದಂತೆ ಮರುಗಿದರು. ಛಾಯಾಗ್ರಾಹಕರಿಂದ ಎಲ್ಲ ಚಿತ್ರಗಳನ್ನೂ ಕೇಳಿ ಪಡೆದು ಎರಡು ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಮುಖ್ಯವಾದ ಒಂದೆರಡನ್ನಾದರೂ ಕಾಗದದ ಮೇಲೆ ಮುದ್ರಿಸಿ ಕಟ್ಟು ಹಾಕಿಸಬೇಕು. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ರಟ್ಟಿನ ಅಂಚು ಕೊಡಿಸಿದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಹಿಡಿದುಕೊಳ್ಳುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಮೂಡುತ್ತದೆ. ಈಗಿನ ನುಣುಪು ಕಾಗದದ ಮೇಲೆ ಪೆನ್ಸಿಲೂ ಹಿಡಿಯುವುದಿಲ್ಲ. ಬೇರೊಂದು ಕಾಗದದಲ್ಲಿ ಎಡದಿಂದ ಬಲಕ್ಕೆ, ಕುಳಿತವರು, ನಿಂತವರು ಎಂದು ಪೂರ್ತಿ ಹೆಸರು, ಊರು, ದಿನಾಂಕ ಬರೆದು ಕಟ್ಟಿನ ಹಿಂಬದಿಗೆ ಅಂಟಿಸುವುದು ಮೇಲು. ನಮ್ಮ ಅಜ್ಜನವರ ಕಾಲದ ಒಂದು ಗುಂಪಿನ ಚಿತ್ರ ಮನೆಯಲ್ಲಿದೆ. ಹದಿನೇಳು ಜನರಲ್ಲಿ ಈಗ ನಾವು ಹೆಸರು ಹೇಳಬಲ್ಲವರು ಐದೇ ಮಂದಿ.

ನಿಶ್ಚಿತಾರ್ಥದ ಹಿಂದಿನ ದಿನ ಕಟ್ಟು ಹಾಕಿದ ಚಿತ್ರ ತುಮಕೂರಿನಿಂದ ಬಂದಿತು. ತಾಯಿಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಮುಖವನ್ನು ನೋಡಿಕೊಂಡರೋ ಹಿಂದಿನ ಗೋಡೆಯನ್ನು ನೋಡಿದರೋ ತಿಳಿಯಲಿಲ್ಲ. ಆಮೇಲೆ ಅಂಟಿಸಬೇಕಾಗಿದ್ದ ಹೆಸರುಗಳ ಕಾಗದವನ್ನು ಓದಿಸಿ ಕೇಳಿ, "ಅಕ್ಕಯ್ಯನ ಹೆಸರು ಬಿಟ್ಟಿದ್ದೀಯಲ್ಲೋ" ಎಂದರು. ಕುಳಿತವರ ಸಾಲಿಗೆ ಸೇರಿಸಿ ಬರೆದೆ. ಇನ್ನೊಂದು ಪ್ರತಿ ಮಾಡಿಸಿ ಕುಣಿಗಲ್ಲಿಗೆ ಕಳುಹಿಸಲು ಹೇಳಿದರು.